ಮೊದಲು ಪಂಕ್ತಿ, ಆಮೇಲೆ ಮಾತು: ಬೀದರಿನ ನಾನಕ ಝೀರಾ ಗುರುದ್ವಾರದ ಲಂಗರು

ಬೀದರಿನಲ್ಲಿರುವ ಸಿಖ್ಖರ ಪೂಜಾಸ್ಥಳವಾದ ಗುರುದ್ವಾರ ನಾನಕ ಝೀರಾ ಸಾಹೇಬದ ಲಂಗರಿನಲ್ಲಿ, ಅಂದರೆ ಬಂದವರಿಗೆಲ್ಲ ಹಣವಿಲ್ಲದೆ ಊಟ ಬಡಿಸುವ ದಾಸೋಹದಲ್ಲಿ, ಉಂಡು ಬಂದವರು ಸಾಮಾನ್ಯವಾಗಿ ಬೇಳೆಯ ರುಚಿಯನ್ನೂ ಅಂಗಳದ ಶುಚಿಯನ್ನೂ ಹೊಗಳುತ್ತಾರೆ, ಮತ್ತು ಆ ಹೊಗಳಿಕೆ ನ್ಯಾಯವಾದದ್ದೇ. ನಾನು ಈ ವಿಮರ್ಶೆಯನ್ನು ಬರೆಯುತ್ತಿರುವುದು ಮಾತ್ರ ಬೇರೊಬ್ಬ ಓದುಗನಿಗಾಗಿ. ತಪ್ಪು ದಾರಿಯಲ್ಲಿ ಬಹಳ ದೂರ ಹೋಗಿ, ಮನೆಗೆ ಮರಳಲು ಮುಖವಿಲ್ಲದೆ, ದೇವರ ಎದುರು ನಿಲ್ಲುವ ಯೋಗ್ಯತೆಯೂ ತನಗಿಲ್ಲವೆಂದುಕೊಂಡು ಯಾವುದೋ ಬಸ್ ನಿಲ್ದಾಣದ ಬೆಂಚಿನ ಮೇಲೆ ಈ ಹೊತ್ತಿಗೆ ಕುಳಿತಿರಬಹುದಾದ ಒಬ್ಬ ಮನುಷ್ಯ ನನ್ನ ಕಣ್ಣ ಮುಂದಿದ್ದಾನೆ, ಏಕೆಂದರೆ 2022ರ ಶ್ರಾವಣದ ಒಂದು ಸಂಜೆ ಅಂಥ ಬೆಂಚಿನ ಮೇಲೆ ನಾನೇ ಕುಳಿತಿದ್ದೆ.

ನಾನು ಹುಮನಾಬಾದ ತಾಲ್ಲೂಕಿನಲ್ಲಿ ಮಕ್ಕಳಿಗೆ ಗಣಿತ ಕಲಿಸುವ ಮಾಸ್ತರ. ಹತ್ತನೆಯ ತರಗತಿಗೆ ಸಂಭವನೀಯತೆಯ ಪಾಠ ಹೇಳುವವನು, ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಇಸ್ಪೀಟಾಟದಲ್ಲಿ ಲೆಕ್ಕ ಬಲ್ಲವನಿಗೆ ಸೋಲಿಲ್ಲವೆಂದು ನಂಬಿ ಕೂತೆ. ಮೊದಲು ಸಂಬಳದ ಹಣ ಹೋಯಿತು, ಆಮೇಲೆ ಹೆಂಡತಿಗೆ ಹೇಳದೆ ಅವಳ ಬಂಗಾರವನ್ನು ಅಡವಿಟ್ಟು ತಂದ ಹಣ ಹೋಯಿತು, ಕೊನೆಗೆ ಅಪ್ಪ ಎರಡು ವರ್ಷದ ತೊಗರಿ ಮಾರಿ ತಂಗಿಯ ಮದುವೆಗೆಂದು ನನ್ನ ಖಾತೆಯಲ್ಲಿ ಇರಿಸಿದ್ದ ಹಣವೂ ಹೋಯಿತು. ಗಂಡಿನ ಮನೆಯವರು ದಿನ ಗೊತ್ತುಮಾಡಲು ಬರುತ್ತಾರೆಂದು ಅಪ್ಪ ಹೇಳಿದ ದಿನ, ಬ್ಯಾಂಕಿಗೆ ಹೋಗಿ ಬರುತ್ತೇನೆಂದು ಮನೆಯಿಂದ ಹೊರಟವನು ಬೀದರಿನ ಬಸ್ಸು ಹತ್ತಿದೆ. ಎಲ್ಲಿಗೆ, ಯಾತಕ್ಕೆ ಎಂಬುದು ನನಗೂ ಗೊತ್ತಿರಲಿಲ್ಲ. ಮೊಬೈಲನ್ನು ಬಸ್ಸಿನಲ್ಲಿಯೇ ಬಂದ್ ಮಾಡಿದ್ದೆ.

ಕತ್ತಲಾಗುವವರೆಗೆ ನಿಲ್ದಾಣದಲ್ಲಿ ಕುಳಿತಿದ್ದ ನನ್ನನ್ನು ಕಡಲೆಕಾಯಿ ಮಾರುತ್ತಿದ್ದ ಹೆಣ್ಣುಮಗಳೊಬ್ಬಳು ಎರಡು ಮೂರು ಸಲ ನೋಡಿರಬೇಕು. ಬುಟ್ಟಿ ಎತ್ತಿಕೊಂಡು ಹೊರಡುವಾಗ ನನ್ನ ಮುಂದೆ ನಿಂತು, "ಝೀರಾಕ್ಕ ಹೋಗ್ರಿ ಯಣ್ಣಾ, ಉಣ್ಲಾಕ ಸಿಗ್ತದ," ಎಂದಷ್ಟೇ ಹೇಳಿ ಹೋದಳು. ದೇವರು ಮನುಷ್ಯನಿಗೆ ದಾರಿ ತೋರಿಸುತ್ತಾನೆಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಆ ದಾರಿಯನ್ನು ಹೇಳುವ ಬಾಯಿ ಯಾರದಾಗಿರುತ್ತದೆ ಎಂದು ಮಾತ್ರ ಯಾವತ್ತೂ ಯೋಚಿಸಿರಲಿಲ್ಲ. ಇಂದಿಗೂ ನಾನು ಆ ಹೆಣ್ಣುಮಗಳನ್ನು ದೇವರು ಕಳಿಸಿದವಳೆಂದೇ ನಂಬುತ್ತೇನೆ, ಮತ್ತು ಹಾಗೆ ನಂಬುವುದಕ್ಕೆ ಸಂಕೋಚಪಡುವುದಿಲ್ಲ.

ಇನ್ನು ಸೇವೆಯ ವಿಷಯಕ್ಕೆ ಬರುತ್ತೇನೆ. ಒಳಗೆ ಹೋಗುವವರು ಪಾದರಕ್ಷೆಗಳನ್ನು ಕಳಚಬೇಕು, ಕೈಕಾಲು ತೊಳೆಯಬೇಕು, ಗಂಡಸರಾಗಲಿ ಹೆಂಗಸರಾಗಲಿ ತಲೆಯನ್ನು ಬಟ್ಟೆಯಿಂದ ಮುಚ್ಚಿಕೊಳ್ಳಬೇಕು. ಪಾದರಕ್ಷೆ ಇಡುವ ಕೋಣೆಯನ್ನು ಅವರು ಜೋಡಾ ಘರ್ ಎನ್ನುತ್ತಾರೆ. ಅಲ್ಲಿ ಬಿಳಿ ಗಡ್ಡದ ಹಿರಿಯರೊಬ್ಬರು ನನ್ನ ಚಪ್ಪಲಿಗಳನ್ನು ಎರಡೂ ಕೈಗಳಿಂದ ತೆಗೆದುಕೊಂಡರು. ಶ್ರಾವಣದ ಮಳೆಗೆ ಅವು ಕೆಸರು ಮೆತ್ತಿಕೊಂಡಿದ್ದವು, ಒಂದರ ಉಂಗುಟ ಕಿತ್ತು ಪಿನ್ನು ಚುಚ್ಚಿತ್ತು. ಹಿರಿಯರು ಆ ಪಿನ್ನಿನ ಕಡೆ ನೋಡಿ, ಅದು ಯಾರ ಕಾಲಿಗೂ ತಾಗದಂತೆ ಚಪ್ಪಲಿಯನ್ನು ಒಳಮುಖವಾಗಿ ತಿರುಗಿಸಿ ಗೂಡಿನಲ್ಲಿಟ್ಟು, ಬಿಲ್ಲೆ ಕೊಟ್ಟರು. ಆ ಗೂಡುಗಳ ಹಿಂದೆ ನಿಂತು ಚಪ್ಪಲಿ ಎತ್ತಿಡುವವರಲ್ಲಿ ಸಂಬಳದ ಆಳುಗಳಲ್ಲದೆ ವ್ಯಾಪಾರಿಗಳೂ ನೌಕರರೂ ಇರುತ್ತಾರೆಂದು, ಇದೂ ಅವರ ಧರ್ಮದಲ್ಲಿ ಪೂಜೆಗೆ ಸಮನಾದ ಸೇವೆಯೆಂದು ನನಗೆ ತಿಳಿದದ್ದು ಆಮೇಲೆ. ಆ ಕ್ಷಣಕ್ಕೆ ತಿಳಿದದ್ದು ಇಷ್ಟು: ಮನೆಯವರ ಬಾಯಿಗೆ ಮಣ್ಣು ಹಾಕಿ ಬಂದವನ ಚಪ್ಪಲಿಯನ್ನು ಒಬ್ಬರು ಗೌರವದಿಂದ ಮುಟ್ಟಿದರು.

ಊಟದ ಸಭಾಂಗಣದಲ್ಲಿ ನೆಲದ ಮೇಲೆ ಉದ್ದಕ್ಕೆ ಹಾಸಿದ ಪಟ್ಟೆಗಳ ಮೇಲೆ ಸಾಲಾಗಿ ಕುಳಿತುಕೊಳ್ಳಬೇಕು. ಈ ಸಾಲಿಗೆ ಅವರು ಪಂಗತ್ ಎನ್ನುತ್ತಾರೆ. ಅದು ನಮ್ಮ ಪಂಕ್ತಿಯೇ. ಆದರೆ ನಮ್ಮೂರ ಜಾತ್ರೆಗಳಲ್ಲಿ ಯಾರು ಯಾವ ಪಂಕ್ತಿಯಲ್ಲಿ ಕೂರಬೇಕೆಂಬುದನ್ನು ಹೇಳದೆಯೇ ಎಲ್ಲರಿಗೂ ತಿಳಿಸಿಬಿಡುವ ಒಂದು ಕಣ್ಣೋಟವಿರುತ್ತದಲ್ಲ, ಅದು ಇಲ್ಲಿಲ್ಲ. ನನ್ನ ಎಡಕ್ಕೆ ನಾಂದೇಡದ ಕಡೆಯಿಂದ ಬಂದ ಒಂದು ಕುಟುಂಬ, ಬಲಕ್ಕೆ ಸಿಮೆಂಟಿನ ಧೂಳು ಮೈಯಲ್ಲಿದ್ದ ಇಬ್ಬರು ಕೂಲಿಕಾರರು, ಎದುರಿಗೆ ಕಾಲೇಜು ಹುಡುಗರ ಗುಂಪು. ಗುಣಿಗಳಿರುವ ಸ್ಟೀಲಿನ ತಟ್ಟೆ ಬಂತು, ಗಟ್ಟಿ ಬೇಳೆ ಬಂತು, ಪಲ್ಯ ಬಂತು, ಅನ್ನ ಬಂತು. ರೊಟ್ಟಿಯನ್ನು ಮಾತ್ರ ತಟ್ಟೆಗೆ ಹಾಕುವುದಿಲ್ಲ. ಎರಡೂ ಅಂಗೈಗಳನ್ನು ಜೋಡಿಸಿ ಮುಂದೆ ಚಾಚಬೇಕು, ಬಡಿಸುವವರು "ಪ್ರಸಾದಾ, ವಾಹೆಗುರು" ಎನ್ನುತ್ತ ಅದನ್ನು ಅಂಗೈಯ ಮೇಲಿಡುತ್ತಾರೆ. ಒಂದೇ ಕೈ ಚಾಚಿದ್ದ ನನಗೆ ಬಡಿಸುವ ಹುಡುಗ ಕಣ್ಣಿನಲ್ಲೇ ಸನ್ನೆ ಮಾಡಿದ. ಕೈ ಜೋಡಿಸಿ ಚಾಚಿದಾಗ, ತುಪ್ಪ ಸವರಿದ ಗೋಧಿ ರೊಟ್ಟಿಯ ಬಿಸಿ ಎರಡೂ ಅಂಗೈಗಳಿಗೆ ಒಟ್ಟಿಗೆ ತಾಗಿತು. ವರ್ಷಗಟ್ಟಲೆ ಮೊಬೈಲು ಹಿಡಿದೇ ಇದ್ದ ಕೈಗಳವು. ಬೇಡುವುದಕ್ಕೆಂದು ಅವನ್ನು ಯಾರ ಮುಂದೆಯೂ ಹೀಗೆ ಚಾಚಿರಲಿಲ್ಲ, ದೇವರ ಮುಂದೆಯೂ ಚಾಚಿರಲಿಲ್ಲ.

ರುಚಿಯ ಬಗ್ಗೆ ಕೇಳುವವರಿಗೆ ಹೇಳುತ್ತೇನೆ: ಬೇಳೆ ಚೆನ್ನಾಗಿ ಬೆಂದು ಒಂದಾಗಿರುತ್ತದೆ, ಖಾರ ನಮ್ಮ ಕಡೆಯ ನಾಲಿಗೆಗೆ ಕಡಿಮೆಯೆನಿಸಬಹುದು, ಜೋಳದ ರೊಟ್ಟಿಯನ್ನೇ ಉಂಡು ಬೆಳೆದವರಿಗೆ ಗೋಧಿ ರೊಟ್ಟಿ ಮೆದುವೆನಿಸಬಹುದು. ಬೇಕಾದಷ್ಟು ಸಲ ಬಡಿಸುತ್ತಾರೆ, ತಟ್ಟೆಯಲ್ಲಿ ಬಿಟ್ಟರೆ ಮಾತ್ರ ಬೇಸರಪಡುತ್ತಾರೆ. ಸಿಖ್ಖರ ಪವಿತ್ರ ಗ್ರಂಥವಾದ ಗುರುಗ್ರಂಥ ಸಾಹೇಬದ ದರ್ಶನವಾದ ಮೇಲೆ ಕೊಡುವ ಕಡಾ ಪ್ರಸಾದ, ಅಂದರೆ ಗೋಧಿ ಹಿಟ್ಟು, ತುಪ್ಪ, ಸಕ್ಕರೆಗಳನ್ನು ಸಮಸಮ ಹಾಕಿ ಮಾಡುವ ಹಲ್ವ, ನನಗೆ ಬಹಳ ಇಷ್ಟ. ಊಟಕ್ಕೆ ಹಣವಿಲ್ಲ. ಚೀಟಿ ಇಲ್ಲ, ಹೆಸರು ಬರೆಸುವ ವಹಿ ಇಲ್ಲ. ಜಾತಿ, ಊರು, ಬಂದ ಕಾರಣ ಯಾವುದನ್ನೂ ಯಾರೂ ಕೇಳುವುದಿಲ್ಲ.

ಕೇಳದಿರುವ ಈ ಗುಣವೇ ಈ ಸ್ಥಳದ ಅತಿ ದೊಡ್ಡ ಸೇವೆಯೆಂದು ನಾನು ತಿಳಿದಿದ್ದೇನೆ. ಸಿಖ್ಖರ ಮೂರನೆಯ ಗುರುಗಳಾದ ಅಮರದಾಸರು ತಮ್ಮ ದರ್ಶನಕ್ಕೆ ಬರುವವರು ಮೊದಲು ಪಂಗತಿನಲ್ಲಿ ಕುಳಿತು ಉಣ್ಣಬೇಕು, ಆಮೇಲೆ ಸಂಗತಿಗೆ, ಅಂದರೆ ಭಕ್ತರ ಸಭೆಗೆ, ಬರಬೇಕು ಎಂದು ನಿಯಮ ಮಾಡಿದರು. ಎಲ್ಲರನ್ನೂ ಒಂದೇ ಸಾಲಿಗೆ ತರುವುದು ಅದರ ಉದ್ದೇಶವೆಂದು ವಿವರಿಸುತ್ತಾರೆ, ಅದು ನಿಜ. ದಾರಿ ತಪ್ಪಿ ಬಂದವನಿಗೆ ಆ ನಿಯಮದಲ್ಲಿ ಇನ್ನೊಂದು ಕರುಣೆಯೂ ಕಾಣುತ್ತದೆ. ನಾನು ಅಪರಾಧಿಯೆಂದು ಮೊದಲೇ ಒಪ್ಪಿಕೊಂಡ ಮೇಲೆ ಅನ್ನ ಕೊಡುತ್ತೇವೆಂದು ಅಂದು ಅಲ್ಲಿ ಯಾರಾದರೂ ಹೇಳಿದ್ದರೆ, ನಾನು ಎದ್ದು ಹೋಗಿಬಿಡುತ್ತಿದ್ದೆ, ಮತ್ತು ಎಲ್ಲಿಗೆ ಹೋಗುತ್ತಿದ್ದೆನೆಂಬುದನ್ನು ಈಗ ನೆನೆಯಲೂ ನನಗೆ ಧೈರ್ಯವಿಲ್ಲ. ಹೊಟ್ಟೆ ತುಂಬಿದ ಮೇಲೆಯೇ ಅಳು ಬಂತು.

ಉಂಡ ತಟ್ಟೆಯನ್ನು ತೊಟ್ಟಿಯ ಬಳಿ ಕೊಂಡುಹೋದಾಗ ಅಲ್ಲಿ ತೊಳೆಯುತ್ತಿದ್ದವರಲ್ಲಿ ಒಬ್ಬರು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಭಾಲ್ಕಿ ಕಡೆಯ ಕನ್ನಡ ಮಾತಾಡುತ್ತಿದ್ದ ಅವರು ನನ್ನ ಕಣ್ಣು ನೋಡಿದ್ದರೂ ನೋಡದವರಂತೆ, "ತೋಳು ಮಡಚ್ರಿ, ಅಂಗಿ ತೊಯ್ತದ," ಎಂದರು. ಮೊದಲ ತೊಟ್ಟಿಯಲ್ಲಿ ಎಂಜಲು ಜಾಲಿಸುವುದು, ಎರಡನೆಯದರಲ್ಲಿ ಸೋಪಿನ ನೀರಿನಲ್ಲಿ ತಿಕ್ಕುವುದು, ಆಮೇಲಿನ ಎರಡರಲ್ಲಿ ಬರಿಯ ನೀರಿನಲ್ಲಿ ತೊಳೆದು ಜಾಳಿಗೆಗೆ ಓರೆಯಾಗಿ ಇಡುವುದು. ತಟ್ಟೆಗಳು ಬರುತ್ತಲೇ ಇರುತ್ತವೆ, ಕೈ ನಿಲ್ಲಿಸುವಂತಿಲ್ಲ, ಸ್ಟೀಲಿಗೆ ಸ್ಟೀಲು ತಾಗುವ ಸದ್ದಿನಲ್ಲಿ ತಲೆಯೊಳಗಿನ ಲೆಕ್ಕ ಕೇಳಿಸುವುದಿಲ್ಲ. ಎಷ್ಟು ಹೊತ್ತು ತೊಳೆದೆನೋ ನೆನಪಿಲ್ಲ. ಅಂದಿನ ತನಕ ಸುಮಾರು ಎರಡು ವರ್ಷ, ಒಂದು ತಾಸು ಕೂಡ ಆ ಆಟದ ನೆನಪಿಲ್ಲದೆ ಕಳೆದಿರಲಿಲ್ಲ. ಆ ತೊಟ್ಟಿಯ ಮುಂದೆ ಕಳೆಯಿತು.

ಅಂದು ರಾತ್ರಿ ಅಲ್ಲಿಯೇ ಒಂದು ಮೂಲೆಯಲ್ಲಿ ಮಲಗಲು ಜಾಗವಾಯಿತು. ಬೆಳಗಿನ ಜಾವ ಕೀರ್ತನೆಯ ಸದ್ದಿಗೆ ಎಚ್ಚರಾಗಿ ಕುಳಿತಿದ್ದಾಗ, ಹಿಂದಿನ ಸಂಜೆ ಚಪ್ಪಲಿ ತೆಗೆದುಕೊಂಡಿದ್ದ ಹಿರಿಯರು ಸ್ಟೀಲಿನ ಲೋಟದಲ್ಲಿ ಚಹಾ ತಂದುಕೊಟ್ಟರು. ಅವರ ಮಾತು ನಮ್ಮ ಬೀದರಿನ ದಖನಿ ಹಿಂದಿ. ನನ್ನ ಹೆಸರನ್ನು ಆಗಲೂ ಕೇಳಲಿಲ್ಲ. ಮನೆಗೆ ಫೋನ್ ಮಾಡಿದೆಯಾ ಮಗನೇ ಎಂದು ಮಾತ್ರ ಕೇಳಿ, ಉತ್ತರಕ್ಕೆ ಕಾಯದೆ, ಮಾಡು, ಅವರು ರಾತ್ರಿಯೆಲ್ಲ ಉಂಡಿರಲಿಕ್ಕಿಲ್ಲ ಎಂದು ಹೇಳಿ ಮುಂದಿನವರಿಗೆ ಚಹಾ ಕೊಡಲು ಹೋದರು. ಉಪದೇಶವೆಂದರೆ ಅಷ್ಟೇ. ನಾನು ಮೊಬೈಲು ಚಾಲೂ ಮಾಡಿ ಮನೆಗೆ ಹಚ್ಚಿದೆ. ನನ್ನ ಹೆಂಡತಿ ಎಲ್ಲಿದ್ದೀರಿ ಎಂದು ಕೇಳುವುದಕ್ಕೂ ಮೊದಲು, "ಉಂಡೀರೇನ್ರಿ?" ಎಂದಳು. ಮೊದಲ ಬಸ್ಸಿಗೆ ಅವಳೂ ಅವಳ ಅಣ್ಣನೂ ಬಂದರು.

ಈ ಸ್ಥಳದ ಚರಿತ್ರೆಯನ್ನು ಆಮೇಲೆ ಹುಡುಕಿ ಹುಡುಕಿ ಓದಿದೆ. ಗುರು ನಾನಕರು 1469ರಲ್ಲಿ ಹುಟ್ಟಿದವರು. 16ನೆಯ ಶತಮಾನದ ಮೊದಲ ಭಾಗದಲ್ಲಿ ದಕ್ಷಿಣದ ಯಾತ್ರೆ ಕೈಗೊಂಡು ಬೀದರಿಗೆ ಬಂದು, ಊರ ಹೊರಗಿನ ಈ ಕಣಿವೆಯಲ್ಲಿ ಉಳಿದರೆಂದು, ಸಿಹಿನೀರಿಲ್ಲದೆ ಬಳಲುತ್ತಿದ್ದ ಜನರೂ ಇಲ್ಲಿನ ಮುಸ್ಲಿಂ ಫಕೀರರೂ ತಮ್ಮ ಕಷ್ಟ ಹೇಳಿಕೊಂಡಾಗ ತಮ್ಮ ಪಾದುಕೆಯಿಂದ ಒಂದು ಕಲ್ಲನ್ನು ಸರಿಸಿ ಸಿಹಿನೀರಿನ ಝರಿಯನ್ನು ಹೊರತಂದರೆಂದು ಐತಿಹ್ಯವಿದೆ. ಝೀರಾ ಎಂಬ ಹೆಸರಿಗೆ ಆ ಝರಿಯೇ ಮೂಲ. ಈಗಿನ ಗುರುದ್ವಾರವನ್ನು ಕಟ್ಟಿದ್ದು 1948ರಲ್ಲಿ. ಝರಿಯ ನೀರು ಅಮೃತ ಕುಂಡಕ್ಕೆ ಹರಿದು ಬರುತ್ತದೆ, ಭಕ್ತರು ಬೊಗಸೆಯಲ್ಲಿ ಹಿಡಿದು ಕುಡಿಯುತ್ತಾರೆ, ಬಾಟಲಿಗಳಲ್ಲಿ ತುಂಬಿಕೊಂಡು ಹೋಗುತ್ತಾರೆ.

ಬೀದರಿನ ನೆಲದ ಬಗ್ಗೆ ಸ್ವಲ್ಪ ತಿಳಿದವರು ಇದಕ್ಕೆ ಇನ್ನೊಂದು ವಿವರಣೆಯನ್ನೂ ಕೊಡುತ್ತಾರೆ. ಈ ಊರು ನಿಂತಿರುವುದು ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಆ ಕಲ್ಲು ಸ್ಪಂಜಿನಂತೆ ತೂತುತೂತಾಗಿದ್ದು ಮಳೆಯ ನೀರನ್ನು ಕುಡಿದುಕೊಳ್ಳುತ್ತದೆ, ನೀರು ಕೆಳಗಿಳಿದು ಜೇಡಿಯ ಪದರಕ್ಕೂ ಕಪ್ಪು ಶಿಲೆಗೂ ತಾಗಿದಾಗ ಮುಂದೆ ಇಳಿಯಲಾರದೆ ಅಡ್ಡಕ್ಕೆ ಹರಿದು ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ನೌಬಾದಿನ ಬಹಮನಿ ಕಾಲದ ಸುರಂಗ ಬಾವಿಗೂ, ಎದೆಮಟ್ಟದ ನೀರಿನಲ್ಲಿ ನಡೆದು ಹೋಗಬೇಕಾದ ನರಸಿಂಹ ಝರಣಿಗೂ ಇದೇ ಕಾರಣ. ಗಣಿತ ಓದಿದ ನನಗೆ ಈ ವಿವರಣೆ ಹಿಡಿಸುತ್ತದೆ, ಮತ್ತು ಅದರಿಂದ ನನ್ನ ಭಕ್ತಿಯೇನೂ ಕಡಿಮೆಯಾಗಿಲ್ಲ. ನೀರು ದಿಬ್ಬದೊಳಗೆ ಮೊದಲೇ ಇತ್ತು, ಜನ ಅದರ ಮೇಲೆಯೇ ಬಾಯಾರಿ ಕುಳಿತಿದ್ದರು, ಒಬ್ಬರು ಬಂದು ಅಡ್ಡವಾಗಿದ್ದ ಕಲ್ಲನ್ನು ಸರಿಸಿದರು. ಭಗವಂತನ ಕೃಪೆಯ ಬಗ್ಗೆ ಇಷ್ಟು ನಿಖರವಾದ ಇನ್ನೊಂದು ಕಥೆಯನ್ನು ನಾನು ಕಂಡಿಲ್ಲ.

ನಾನಕರ ಬದುಕಿನ ಇನ್ನೊಂದು ಪ್ರಸಂಗ ನನ್ನಂಥವನಿಗೆ ಇನ್ನೂ ಹತ್ತಿರವಾದದ್ದು. ಅದು ಇಲ್ಲಿಯದಲ್ಲ, ಈಗ ಪಾಕಿಸ್ತಾನದ ಪಂಜಾಬಿಗೆ ಸೇರಿದ ತುಳಂಬಾ ಎಂಬ ಊರಿನದು. ಅಲ್ಲಿ ಸಜ್ಜನನೆಂಬ ಹೆಸರಿನವನೊಬ್ಬ ದಾರಿಹೋಕರಿಗಾಗಿ ಛತ್ರ ನಡೆಸುತ್ತಿದ್ದ. ಹಿಂದೂಗಳಿಗೊಂದು ಗುಡಿ, ಮುಸಲ್ಮಾನರಿಗೊಂದು ಮಸೀದಿ ಕಟ್ಟಿಸಿ, ಬಂದವರನ್ನು ಅಕ್ಕರೆಯಿಂದ ಉಪಚರಿಸಿ, ರಾತ್ರಿ ಅವರು ಮಲಗಿದ ಮೇಲೆ ಕೊಂದು ದೋಚುತ್ತಿದ್ದ. ನಾನಕರು ಸಂಗಡಿಗ ಮರ್ದಾನನೊಂದಿಗೆ ಅಲ್ಲಿಗೆ ಬಂದು, ಮಲಗುವ ಹೊತ್ತಿಗೆ ರಬಾಬ್ ಎಂಬ ತಂತಿವಾದ್ಯದ ದನಿಗೆ ಒಂದು ಪದ ಹಾಡಿದರು. ಕಂಚು ಥಳಥಳಿಸುತ್ತದೆ, ತಿಕ್ಕಿದರೆ ಮಾತ್ರ ಕೈಗೆ ಮಸಿ ಹತ್ತುತ್ತದೆ ಎಂಬುದು ಅದರ ಭಾವ. ಹೊರಗೆ ಹೊಂಚು ಹಾಕಿ ನಿಂತಿದ್ದ ಸಜ್ಜನನಿಗೆ ಹಾಡು ತನ್ನನ್ನು ಕುರಿತದ್ದೆಂದು ಹೊಳೆದು, ಅವನು ಬಂದು ಕಾಲಿಗೆ ಬಿದ್ದ. ಗುರುಗಳು ಅವನನ್ನು ಅರಸನಿಗೆ ಹಿಡಿದುಕೊಡಲಿಲ್ಲ, ಸುಮ್ಮನೆ ಬಿಡಲೂ ಇಲ್ಲ. ಮಾಡಿದ್ದನ್ನು ಒಪ್ಪಿಕೊಳ್ಳಲು, ದೋಚಿದ್ದನ್ನು ಬಡವರಿಗೆ ಹಂಚಲು ಹೇಳಿದರು. ಅದೇ ಮನೆ ಧರ್ಮಶಾಲೆಯಾಯಿತು, ಅದೇ ಸಜ್ಜನ ಅಲ್ಲಿ ನಿಜವಾಗಿ ದಾರಿಹೋಕರ ಸೇವೆಗೆ ನಿಂತ.

ಈ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವ ಅಂಶವೆಂದರೆ, ಅವನ ಮನೆಯನ್ನು ಕೆಡವಲಿಲ್ಲ ಎಂಬುದು. ಅತಿಥಿಗಳಿಗೆ ಹಾಸಿಗೆ ಹಾಸಲು, ಅಡುಗೆ ಮಾಡಲು, ಮಾತಾಡಿಸಲು ಅವನಿಗೆ ಗೊತ್ತಿತ್ತು. ಆ ತಿಳಿವಳಿಕೆಯನ್ನೇ ಗುರುಗಳು ಸರಿದಾರಿಗೆ ಹಚ್ಚಿದರು. ಶರಣರ ನಾಡಿನಲ್ಲಿ ಹುಟ್ಟಿದ ನಮಗೆ ಇದು ಹೊಸದೇನಲ್ಲ. ಉರಿಲಿಂಗಪೆದ್ದಿ ಕಳ್ಳತನಕ್ಕೆಂದು ಹೋದ ಮನೆಯಲ್ಲಿ ಉರಿಲಿಂಗದೇವರು ದೀಕ್ಷೆ ಕೊಡುತ್ತಿದ್ದುದನ್ನು ಕಂಡು ಮನ ಕರಗಿ, ಗುರುವಿಗೆ ದಿನವೂ ಕಟ್ಟಿಗೆ ಹೊರೆ ತಂದುಕೊಡುತ್ತ ಕೊನೆಗೆ ಅವರ ಶಿಷ್ಯನೂ ವಚನಕಾರನೂ ಆದನೆಂದು ಹೇಳುತ್ತಾರೆ. ಕನ್ನ ಹಾಕುತ್ತಿದ್ದ ಮಾರಿತಂದೆ, ಹೆಂಡ ಮಾರುತ್ತಿದ್ದ ಮಾರಯ್ಯ ಶರಣರ ಸಾಲಿನಲ್ಲಿ ಕುಳಿತರು, ಮತ್ತು ಹಿಂದಿನ ಕಸುಬಿನ ಹೆಸರನ್ನು ಮುಚ್ಚಿಡದೆ ತಮ್ಮ ಹೆಸರಿನೊಂದಿಗೇ ಉಳಿಸಿಕೊಂಡರು. ಬಸವಕಲ್ಯಾಣಕ್ಕೆ ಹತ್ತಾರು ಸಲ ಹೋಗಿ ಬಂದ ನಾನು ಈ ಹೆಸರುಗಳನ್ನು ಪರೀಕ್ಷೆಗೆ ಓದಿದವನಂತೆ ಬಲ್ಲವನಾಗಿದ್ದೆ. ಝೀರಾದ ತೊಟ್ಟಿಯಲ್ಲಿ ತಟ್ಟೆ ತೊಳೆದ ಮೇಲೆ ಅವು ನನಗೆ ಜೀವಂತ ಮನುಷ್ಯರ ಹೆಸರುಗಳಾದವು.

ಸೇವೆಯ ಮಿತಿಗಳನ್ನೂ ಹೇಳಬೇಕು, ಇಲ್ಲದಿದ್ದರೆ ಓದುಗನಿಗೆ ಮೋಸ ಮಾಡಿದಂತಾಗುತ್ತದೆ. ಕೀರ್ತನೆ, ಪ್ರವಚನಗಳು ಪಂಜಾಬಿಯಲ್ಲಿ ನಡೆಯುತ್ತವೆ, ಕನ್ನಡ ಮಾತ್ರ ಬಲ್ಲವರಿಗೆ ಅರ್ಥವಾಗುವುದು ರಾಗವಷ್ಟೇ. ಇದು ಚಟ ಬಿಡಿಸುವ ಕೇಂದ್ರವಲ್ಲ, ಇಲ್ಲಿ ಔಷಧವಾಗಲಿ ಮನೋವೈದ್ಯರಾಗಲಿ ಇಲ್ಲ. ಬಹಳ ವರ್ಷ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಕ, ಫಿಟ್ಸ್, ಬುದ್ಧಿಭ್ರಮೆಯಂಥ ಪ್ರಾಣಾಪಾಯದ ತೊಂದರೆಗಳು ಬರಬಹುದಾದ್ದರಿಂದ ಅಂಥವರನ್ನು ಆಸ್ಪತ್ರೆಗೆ ಕರೆದೊಯ್ಯಲೇಬೇಕು. ನನ್ನ ಚಟವೂ ಒಂದು ಊಟಕ್ಕೆ ಬಿಟ್ಟುಹೋಗಲಿಲ್ಲ. ಮೂರು ತಿಂಗಳಲ್ಲಿ ಎರಡು ಸಲ ಮತ್ತೆ ಆಡಿದೆ. ಎರಡನೆಯ ಸಲ ಆಡಿದ ರಾತ್ರಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದೆ. ಆ ಕರೆಗೆ ಹಣವಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಅವರ ಸಲಹೆಯಂತೆ ವೈದ್ಯರನ್ನು ಕಂಡೆ, ಬ್ಯಾಂಕಿನ ಖಾತೆಯನ್ನು ಹೆಂಡತಿಯ ಸುಪರ್ದಿಗೆ ಕೊಟ್ಟೆ, ಸ್ಮಾರ್ಟ್‌ಫೋನನ್ನು ಬಿಟ್ಟು ಬಟನ್ ಫೋನು ಹಿಡಿದೆ. ದೇವರು ಕೈ ಹಿಡಿದ ಮೇಲೆ ವೈದ್ಯರೇಕೆ ಎಂದು ನಮ್ಮೂರ ಹಿರಿಯರೊಬ್ಬರು ಕೇಳಿದ್ದುಂಟು. ಕಡಲೆಕಾಯಿ ಮಾರುವ ಹೆಣ್ಣುಮಗಳ ಬಾಯಿಂದ ದಾರಿ ಹೇಳಿಸಿದವನು ವೈದ್ಯರ ಬಾಯಿಂದಲೂ ಹೇಳಿಸುತ್ತಾನೆಂದು ಅವರಿಗೆ ಉತ್ತರ ಕೊಟ್ಟೆ, ಈಗಲೂ ಅದನ್ನೇ ಹೇಳುತ್ತೇನೆ. 2025ರಲ್ಲಿ ಕೇಂದ್ರ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕಾನೂನಿನಿಂದ ನಿಷೇಧಿಸಿದ ಸುದ್ದಿ ಓದಿದ ದಿನ ನಾನೂ ನನ್ನ ಹೆಂಡತಿಯೂ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆವು.

ಅಪ್ಪನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಒಂದು ವಾರ ಮಾತಾಡಲಿಲ್ಲ. ತಂಗಿಯ ಮದುವೆ ಒಂದು ವರ್ಷ ಮುಂದೆ ಹೋಯಿತು, ನನ್ನ ಹೆಸರಿನ ಪ್ಲಾಟು ಮಾರಿ ಅದನ್ನು ನಡೆಸಿದೆವು. ಬಂಗಾರದ ಸಾಲ ಈಗಲೂ ತಿಂಗಳು ತಿಂಗಳು ತೀರುತ್ತಿದೆ. ಎರಡು ತಿಂಗಳಿಗೊಮ್ಮೆಯಾದರೂ ನಾವಿಬ್ಬರೂ ಝೀರಾಕ್ಕೆ ಹೋಗುತ್ತೇವೆ. ಅವಳು ಹೆಂಗಸರ ಸಾಲಿನಲ್ಲಿ ಕುಳಿತು ರೊಟ್ಟಿ ಲಟ್ಟಿಸುತ್ತಾಳೆ, ನಾನು ತೊಟ್ಟಿಯ ಬಳಿಗೆ ಹೋಗುತ್ತೇನೆ. ನಾವು ಇಷ್ಟಲಿಂಗ ಕಟ್ಟಿಕೊಂಡವರು, ಮನೆಯ ಪೂಜೆ ಮನೆಯಲ್ಲಿ ಎಂದಿನಂತೆ ನಡೆಯುತ್ತದೆ. ಗುರುದ್ವಾರದಲ್ಲಿ ಯಾರೂ ಅದನ್ನು ಬಿಡಿ ಎನ್ನಲಿಲ್ಲ, ನಾವು ಬಿಡುವ ಮಾತೂ ಬರಲಿಲ್ಲ.

ಹೋಗುವವರಿಗೆ ಕೆಲವು ಮಾತುಗಳು. ಹುಮನಾಬಾದ, ಭಾಲ್ಕಿ, ಬಸವಕಲ್ಯಾಣಗಳಿಂದ ಬಸ್ಸುಗಳು ಸಾಕಷ್ಟಿವೆ. ಕಲಬುರಗಿಯವರಿಗೆ 2017ರಲ್ಲಿ ಶುರುವಾದ ರೈಲು ಮಾರ್ಗವೂ ಇದೆ. ಬೀದರಿನಲ್ಲಿ ಇಳಿದು ಝೀರಾ ಎಂದರೆ ಸಾಕು, ಯಾವ ಆಟೋದವರೂ ಕರೆದೊಯ್ಯುತ್ತಾರೆ. ಗುರುನಾನಕ ಜಯಂತಿ ಬರುವ ಕಾರ್ತಿಕ ಹುಣ್ಣಿಮೆಗೂ ಹೋಳಿಯ ಹೊತ್ತಿಗೂ ದೂರದ ಊರುಗಳಿಂದ ಯಾತ್ರಿಕರು ಬರುವುದರಿಂದ ತಂಗಲು ಕೋಣೆ ಸಿಗುವುದು ಕಷ್ಟ, ಶಾಂತವಾಗಿ ಕುಳಿತುಕೊಳ್ಳಬೇಕೆನ್ನುವವರು ವಾರದ ನಡುವಿನ ದಿನಗಳಲ್ಲಿ ಹೋಗುವುದು ಒಳ್ಳೆಯದು. ಬೇಸಿಗೆಯ ಮಧ್ಯಾಹ್ನ ಬರಿಗಾಲಿಗೆ ಕಲ್ಲುಹಾಸು ಸುಡುತ್ತದೆ. ಮಕ್ಕಳನ್ನು ಕರೆದೊಯ್ಯುವವರು ಬೆಳಗ್ಗೆ ಅಥವಾ ಸಂಜೆಯ ಹೊತ್ತನ್ನು ನೋಡಿಕೊಳ್ಳಲಿ. ಒಬ್ಬಂಟಿಯಾಗಿ, ಜೇಬಿನಲ್ಲಿ ಏನೂ ಇಲ್ಲದೆ ಬರುವವರು ಹಿಂಜರಿಯಬೇಕಾಗಿಲ್ಲ, ರಾತ್ರಿಯಾಗಿದೆಯೆಂದು ಬಾಗಿಲಲ್ಲಿ ನಿಲ್ಲಬೇಕಾಗಿಯೂ ಇಲ್ಲ. ತಲೆಗೆ ಕಟ್ಟಿಕೊಳ್ಳುವ ಬಟ್ಟೆ ಅಲ್ಲಿಯೇ ಬುಟ್ಟಿಯಲ್ಲಿ ಇರುತ್ತದೆ, ಹೊರಡುವಾಗ ಮಡಚಿ ಅದೇ ಬುಟ್ಟಿಗೆ ಹಾಕಿ. ಬೀಡಿ, ಗುಟ್ಕಾ, ಸಾರಾಯಿ ಒಳಗೆ ನಡೆಯುವುದಿಲ್ಲ, ಕಿಸೆಯಲ್ಲಿದ್ದರೆ ಗೇಟಿನ ಹೊರಗೇ ಬಿಟ್ಟು ಹೋಗಿ.